ಖೋ-ಖೋ ಆಡಲು ಒಂಬತ್ತು ಜನ ಬೇಕು

ನಮಸ್ಕಾರ. ನಮ್ಮ ಹೈಸ್ಕೂಲಿನ ಹತ್ತನೇ ತರಗತಿಯಲ್ಲಿ ಇದ್ದದ್ದು ಒಟ್ಟು 27 ಮಕ್ಕಳು. ಅದರಲ್ಲಿ ಹುಡುಗಿಯರು 11. ಖೋ-ಖೋ ಆಡಲು 9 ಜನ ಬೇಕು. ಒಬ್ಬಳಿಗೆ ಉಬ್ಬಸ. ಇನ್ನೊಬ್ಬಳು ಅಕ್ಕನ ಬಾಣಂತನ ಅಂತ ತಿಂಗಳಿಂದ ಶಾಲೆಗೇ ಬಂದಿರಲಿಲ್ಲ. ಉಳಿದವರು ಸರಿಯಾಗಿ 9 ಜನ, ಅದರಲ್ಲಿ ನಾನೂ ಒಬ್ಬಳು. ನನಗೆ ಓಡಲು ಬರುತ್ತಿರಲಿಲ್ಲ, ಹಾಗಂತ ಪಿ.ಟಿ. ಮೇಷ್ಟ್ರಿಗೆ ಹೇಳಿದೆ. "ನೀನಿಲ್ಲದಿದ್ರೆ ತಂಡವೇ ಇಲ್ಲ, ಬಾಮ್ಮ" ಅಂದರು. ವಲಯ ಮಟ್ಟದ ಮೊದಲ ಪಂದ್ಯದಲ್ಲೇ ಸೋತೆವು, ಅದು ಬೇರೆ ಮಾತು. ಆದರೆ ಅವರ ಆ ಮಾತು ನನ್ನೊಳಗೆ ಉಳಿದುಬಿಟ್ಟಿತು. ಇವತ್ತು ನಿಮ್ಮ ಹತ್ತಿರ ಹಂಚಿಕೊಳ್ಳಬೇಕು ಅಂತ ಬಂದಿರುವುದೂ ಅದನ್ನೇ.

ನಮ್ಮದು ಶರಾವತಿ ಹಿನ್ನೀರಿನ ಸೀಮೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಎಷ್ಟೋ ಊರುಗಳು ಮುಳುಗಿದವು, ಉಳಿದ ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು. ನಾನು ದಿನಾ ಐದು ಕಿಲೋಮೀಟರ್ ನಡೆಯುತ್ತಿದ್ದೆ. ಇಬ್ಬರು ಹುಡುಗರು ದೋಣಿಯಲ್ಲಿ ದಾಟಿ ಬರುತ್ತಿದ್ದರು. ಮಳೆಗಾಲದಲ್ಲಿ ಕಾಲುಸಂಕದ ಮೇಲೆ ನೀರು ಬಂದರೆ ಆ ಕಡೆಯ ಮಕ್ಕಳಿಗೆ ರಜೆ ಅಂತ ನಮಗೆ ಹೇಳದೇ ಗೊತ್ತಾಗುತ್ತಿತ್ತು, ಅವರು ಬಾರದ ದಿನ ಮೇಷ್ಟ್ರು ಹೊಸ ಪಾಠ ಶುರು ಮಾಡುತ್ತಿರಲಿಲ್ಲ. ಕಾಲಿಗೆ ಇಂಬಳ, ಅಂದರೆ ಜಿಗಣೆ, ಹತ್ತಿದ್ದು ಕ್ಲಾಸಿನಲ್ಲಿ ಕೂತ ಮೇಲೇ ಗೊತ್ತಾಗುತ್ತಿತ್ತು. ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದದ್ದು 2006-07ರಲ್ಲಿ, ನಾವು ಓದಿ ಮುಗಿಸಿದ ಎಷ್ಟೋ ವರ್ಷದ ಮೇಲೆ. ಆದರೂ ನಮ್ಮದು ಅದೃಷ್ಟವೇ. ಗೌರಿಬಿದನೂರು ತಾಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದವರು, ಹೈಸ್ಕೂಲ್ ಓದಲಿಕ್ಕೆ ಬೆಂಗಳೂರಿಗೆ ನಡೆದುಕೊಂಡೇ ಹೋಗಬೇಕಾಯಿತು. ನಮಗೆ ಐದು ಕಿಲೋಮೀಟರಿನಲ್ಲೇ ಒಂದು ಹೈಸ್ಕೂಲ್ ಇತ್ತಲ್ಲ.

ಸಣ್ಣ ಶಾಲೆಯಲ್ಲಿ ಸುಮ್ನೆ ಕೂತು ನೋಡುವವರು ಇರುವುದಿಲ್ಲ. ಪ್ರಾರ್ಥನೆ ಹೇಳಲು ನಾಲ್ಕು ಜನ, ಗಂಟೆ ಬಾರಿಸಲು ಒಬ್ಬರು, ಕೈತೋಟಕ್ಕೆ ಹತ್ತು ಜನ, ಪ್ರತಿಭಾ ಸ್ಪರ್ಧೆಗೆ, ವಾರ್ಷಿಕೋತ್ಸವದ ನಾಟಕಕ್ಕೆ, ಸ್ವಾತಂತ್ರ್ಯ ದಿನದ ಭಾಷಣಕ್ಕೆ ಎಲ್ಲದಕ್ಕೂ ಅದೇ 27 ಮುಖಗಳು. ಕಂಠ ಚೆನ್ನಾಗಿಲ್ಲದವಳೂ ಹಾಡಬೇಕು, ನಾಚುವ ಹುಡುಗನೂ ದುರ್ಯೋಧನ ಆಗಬೇಕು. ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಅಮೆರಿಕದ ಕ್ಯಾನ್ಸಾಸ್‌ನಲ್ಲಿ ದೊಡ್ಡ ಮತ್ತು ಸಣ್ಣ ಹೈಸ್ಕೂಲುಗಳನ್ನು ಹೋಲಿಸಿ ನೋಡಿ 1964ರಲ್ಲಿ ಬರೆದದ್ದೂ ಇದೇ ಥರದ್ದು. ದೊಡ್ಡ ಶಾಲೆಯಲ್ಲಿ ಚಟುವಟಿಕೆ ಜಾಸ್ತಿ ಇರುತ್ತದೆ, ಆದರೆ ಸಣ್ಣ ಶಾಲೆಯಲ್ಲಿ ಜವಾಬ್ದಾರಿಯ ಜಾಗಕ್ಕೆ ನಿಲ್ಲುವ ಮಕ್ಕಳು ಜಾಸ್ತಿ. ಅದನ್ನು ಓದಿದಾಗ ನನಗೆ ನಮ್ಮ ಖೋ-ಖೋ ಅಂಕಣವೇ ನೆನಪಾಯಿತು.

ಕೊರತೆಗಳೂ ಇದ್ದವು, ಅದನ್ನು ಮುಚ್ಚಿಡುವುದಿಲ್ಲ. ಹಿಂದಿ ಮೇಷ್ಟ್ರ ಹುದ್ದೆ ಎರಡು ವರ್ಷ ಖಾಲಿ ಇತ್ತು, ಕನ್ನಡದ ಮೇಷ್ಟ್ರೇ ತಾವೂ ಕಲಿಯುತ್ತಾ ನಮಗೂ ಕಲಿಸಿದರು. ಪ್ರಯೋಗಾಲಯ ಅಂದರೆ ಬೀಗ ಹಾಕಿದ ಒಂದು ಬೀರು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ 625ಕ್ಕೆ 438 ಬಂತು, ಊರಲ್ಲಿ ದೊಡ್ಡ ಸುದ್ದಿ. ಪಿಯುಸಿ ಸೈನ್ಸ್‌ಗೆ ಅಂತ ಶಿವಮೊಗ್ಗಕ್ಕೆ ಹೋದೆ. ಅಲ್ಲಿ ಒಂದೊಂದು ಸೆಕ್ಷನ್ನಿನಲ್ಲೇ ನಮ್ಮ ಇಡೀ ಶಾಲೆಯಷ್ಟು ಮಕ್ಕಳು. ಉಪನ್ಯಾಸಕರು ಆಕ್ಸಲರೇಷನ್, ಆಕ್ಸಲರೇಷನ್ ಅನ್ನುತ್ತಿದ್ದರು. ಅದು ನನ್ನ ವೇಗೋತ್ಕರ್ಷವೇ ಅಂತ ಗೊತ್ತಾಗಲು ಮೂರು ವಾರ ಬೇಕಾಯಿತು. ಪರಾಗಸ್ಪರ್ಶವನ್ನು ನಾನು ಚಿತ್ರ ಬರೆದು ವಿವರಿಸಬಲ್ಲೆ, ಅದನ್ನೇ ಪಾಲಿನೇಷನ್ ಅಂದರೆ ಬೆವರುತ್ತಿದ್ದೆ. ಹಾಸ್ಟೆಲಿನಲ್ಲಿ ದಿಂಬಿಗೆ ಮುಖ ಒತ್ತಿ ಅತ್ತಿದ್ದೇನೆ. ಗೊತ್ತಿದ್ದೂ ಗೊತ್ತಿಲ್ಲದವಳಂತೆ ಕೂರುವ ಆ ಸಂಕಟವನ್ನು ಕನ್ನಡ ಮಾಧ್ಯಮದಿಂದ ಹೋದ ಎಷ್ಟೋ ಮಕ್ಕಳು ಉಂಡಿದ್ದಾರೆ, ಈಗಲೂ ಉಣ್ಣುತ್ತಿದ್ದಾರೆ. ಅವರಿಗೆ ಮೊದಲ ಒಂದು ತಿಂಗಳು ಎರಡೂ ಭಾಷೆಯ ಪದಗಳನ್ನು ಪಕ್ಕಪಕ್ಕ ಬರೆದು ಕೊಟ್ಟರೆ ಎಷ್ಟು ದೊಡ್ಡ ಉಪಕಾರ, ಅಲ್ವಾ?

ನಾನು ಪಾರಾದದ್ದು ಹೇಗೆ ಅಂದರೆ, ಕೇಳಿಬಿಟ್ಟೆ. ಅಷ್ಟೊಂದು ಜನರ ಮಧ್ಯೆ ಎದ್ದು ನಿಂತು "ಸಾರ್, ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಅಂದೆ. ಕೆಲವರು ನಕ್ಕರು. ಆದರೆ ಕ್ಲಾಸ್ ಮುಗಿದ ಮೇಲೆ ಐದಾರು ಜನ ನನ್ನ ಹತ್ತಿರ ಬಂದು, ನಮಗೂ ಗೊತ್ತಿರಲಿಲ್ಲ ಅಂದರು. ಎದ್ದು ನಿಲ್ಲುವ ಧೈರ್ಯ ನನಗೆ ಹುಟ್ಟಿನಿಂದ ಬಂದದ್ದಲ್ಲ. ನಾವು ಮಾತಾಡದಿದ್ದರೆ ಮಾತಾಡಲು ಬೇರೆ ಯಾರೂ ಇಲ್ಲದ ಜಾಗದಲ್ಲಿ ಮೂರು ವರ್ಷ ಬೆಳೆದದ್ದರಿಂದ ಬಂದದ್ದು.

ಈಗ ನಾನು ಬೆಂಗಳೂರಿನಲ್ಲಿ ನರ್ಸ್. ರಾತ್ರಿ ಪಾಳಿಯಲ್ಲಿ ಯಾರಾದರೂ ಹೆಚ್ಚುವರಿ ವಾರ್ಡ್ ನೋಡಿಕೊಳ್ಳಬೇಕು ಅಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವ ಒಂದು ಕ್ಷಣ ಇರುತ್ತದೆ. ನನ್ನ ಕೈ ತಾನಾಗಿ ಮೇಲೆ ಹೋಗುತ್ತದೆ. ಹೊಸ ರೋಗಿ ಬಂದರೆ ಕಾಯಿಲೆ ಕೇಳುವ ಮೊದಲೇ "ಯಾವೂರಜ್ಜಿ ನಿಮ್ಮದು?" ಅಂತ ಬಾಯಿಗೆ ಬರುತ್ತದೆ. ನಮ್ಮ ಮೇಷ್ಟ್ರಿಗೆ ಪ್ರತಿ ಮಗುವಿನ ಮನೆ ಗೊತ್ತಿತ್ತು, ಯಾರ ಮನೆಯಲ್ಲಿ ಅಡಿಕೆ ಕೊಯ್ಲು, ಯಾರ ಅಪ್ಪನಿಗೆ ಹುಷಾರಿಲ್ಲ ಅನ್ನುವುದೆಲ್ಲ ಗೊತ್ತಿತ್ತು. ಅವರು ಹೆಸರು ಕೂಗುತ್ತಿದ್ದ ರೀತಿಯಲ್ಲೇ ಅದು ಕೇಳಿಸುತ್ತಿತ್ತು. ಮನುಷ್ಯರನ್ನು ಕರೆಯುವ ಆ ರೀತಿ ನನಗೆ ಅಲ್ಲಿಂದಲೇ ಬಂತು. ಊರು ಕೇಳಿದ ಮೇಲೆ ಅಜ್ಜಿಯರು ಇಂಜೆಕ್ಷನ್ನಿಗೆ ಕೈ ಗಟ್ಟಿ ಹಿಡಿದುಕೊಳ್ಳುವುದಿಲ್ಲ, ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ದೊಡ್ಡ ಶಾಲೆಗೆ ಸೇರಿಸುವ ಮಾತು ಈಗ ಆಗಾಗ ಕೇಳುತ್ತದೆ. ಲ್ಯಾಬು, ಶಿಕ್ಷಕರು ಎಲ್ಲ ಒಂದೇ ಕಡೆ ಸಿಗುತ್ತಾರೆ ಅನ್ನುವುದು ನಿಜ, ಅದರ ಬೆಲೆ ನನಗೆ ಗೊತ್ತು. ಆದರೆ ತಲೆ ಎಣಿಸುವಾಗ ಎಷ್ಟು ಮಕ್ಕಳಿದ್ದಾರೆ ಅಂತ ಮಾತ್ರ ನೋಡಬೇಡಿ, ಎಷ್ಟು ಮಕ್ಕಳು ಅಂಕಣಕ್ಕೆ ಇಳಿಯುತ್ತಿದ್ದಾರೆ ಅಂತಲೂ ನೋಡಿ. ಬಸ್ಸಿಲ್ಲದ ದಾರಿಯಲ್ಲಿ ಇನ್ನೂ ಹತ್ತು ಕಿಲೋಮೀಟರ್ ದೂರ ಅಂದರೆ ಮೊದಲು ಶಾಲೆ ಬಿಡುವವಳು ಹುಡುಗಿಯೇ.

ಹೋದ ತಿಂಗಳು ನಮ್ಮ ಶಾಲೆಗೆ ಫೋನ್ ಮಾಡಿದ್ದೆ. ಈ ಸಲ ಹತ್ತನೇ ತರಗತಿಯಲ್ಲಿ ಹುಡುಗಿಯರು 6 ಜನ ಅಂತೆ. ಒಂಬತ್ತರಿಂದ ಇಬ್ಬರನ್ನು, ಎಂಟರಿಂದ ಒಬ್ಬಳನ್ನು ಸೇರಿಸಿ ಖೋ-ಖೋ ತಂಡ ಮಾಡಿದ್ದಾರಂತೆ. ಎಂಟನೇ ತರಗತಿಯ ಆ ಹುಡುಗಿ ನಂಗೆ ಬರಲ್ಲ ಅಂತ ಅಳುತ್ತಿದ್ದಾಳೆ ಅಂದರು ಅಲ್ಲಿನ ಟೀಚರ್. ನಾನು ಎರಡು ದಿನ ರಜೆ ಹಾಕಿದ್ದೇನೆ. ಪಂದ್ಯದ ದಿನ ಅವಳ ಪಕ್ಕದ ಗೆರೆ ಹತ್ತಿರ ಹೋಗಿ ನಿಲ್ಲುತ್ತೇನೆ.