ಸಕಾಯಿ: ವ್ಯಾಪಾರಿಗಳೇ ಆಳಿದ ಊರು

ಎಲ್ಲರಿಗೂ ನಮಸ್ಕಾರ.

ಜಪಾನಿನ ಒಸಾಕಾ ನಗರದ ದಕ್ಷಿಣ ಮಗ್ಗುಲಿಗೇ ಸಕಾಯಿ ಎಂಬ ಊರಿದೆ. ಪ್ರವಾಸಿಗರು ಸಾಮಾನ್ಯವಾಗಿ ಅಲ್ಲಿ ರೈಲು ಇಳಿಯುವುದಿಲ್ಲ. ಕಣ್ಣು ಕುಕ್ಕುವ ಕೋಟೆಯಿಲ್ಲ, ಅರಮನೆಯಿಲ್ಲ. ಇರುವುದಾದರೂ ಹೇಗೆ ಹೇಳಿ? ಆ ಊರು ಮೆರೆದ ಕಾಲದಲ್ಲಿ ಅದನ್ನು ನಡೆಸಿದವರು ವರ್ತಕರು.

15ನೇ ಶತಮಾನದ ಕೊನೆಯ ಭಾಗದಲ್ಲಿ ಚೀನಾದ ಮಿಂಗ್ ಸಾಮ್ರಾಜ್ಯದ ಜೊತೆಗಿನ ವ್ಯಾಪಾರದಿಂದ ಸಕಾಯಿಗೆ ಸಂಪತ್ತು ಹರಿದುಬಂತು. ಸುತ್ತಲಿನ ಜಪಾನ್ ಅಂತಃಕಲಹದಲ್ಲಿ ಬೇಯುತ್ತಿತ್ತು. ಸಕಾಯಿಯವರು ಪಶ್ಚಿಮಕ್ಕೆ ಸಮುದ್ರ, ಉಳಿದ ಮೂರು ಕಡೆ ಕಂದಕ ಇಟ್ಟುಕೊಂಡು, ಹಣವಂತ ವರ್ತಕರ ಸಭೆಯೊಂದರ ಮೂಲಕ ಊರಾಳಿದರು. 1560ರ ದಶಕದಲ್ಲಿ ಪೋರ್ಚುಗೀಸ್ ಪಾದ್ರಿ ಗಾಸ್ಪರ್ ವಿಲೇಲ ಇದನ್ನು ವೆನಿಸ್‌ಗೆ ಹೋಲಿಸಿ ಪತ್ರ ಬರೆದ. ಬಡವರಿಗೂ ಆ ಸಭೆಯಲ್ಲಿ ಜಾಗವಿತ್ತು ಅಂತ ಮಾತ್ರ ಭಾವಿಸಬೇಡಿ. ಅದು ದುಡ್ಡಿದ್ದವರ ಸ್ವಾತಂತ್ರ್ಯ.

ಆ ದುಡ್ಡಿನ ಮೇಲೇ 1568ರಲ್ಲಿ ಓದಾ ನೊಬುನಾಗನ ಕಣ್ಣು ಬಿತ್ತು; ಜಪಾನನ್ನೆಲ್ಲ ತನ್ನ ಕೈಗೆ ತರಲು ಹೊರಟಿದ್ದ ಸೇನಾನಾಯಕ ಆತ. 20,000 ಕಾನ್ ಕೊಡಿ ಎಂದ. ಒಂದು ಕಾನ್ ಎಂದರೆ ಸಾವಿರ ತಾಮ್ರದ ನಾಣ್ಯ. ಲೆಕ್ಕ ಹಾಕಿದರೆ ಎರಡು ಕೋಟಿ ನಾಣ್ಯ! ಮೊದಲು ಊರು ಸೆಟೆದು ನಿಂತಿತು. ಮರುವರ್ಷ ಬಾಗಿತು. ಸಂಧಾನಕ್ಕೆ ನಿಂತವನು ಇಮಾಯ್ ಸೋಕ್ಯೂ, ವರ್ತಕನೂ ಹೌದು, ಅತಿಥಿಗೆ ವಿಧಿವತ್ತಾಗಿ ಚಹಾ ಮಾಡಿಕೊಡುವ ಕಲೆಯ ಗುರುವೂ ಹೌದು. ನೊಬುನಾಗನ ನಂತರ ಅಧಿಕಾರ ಹಿಡಿದ ಹಿದೆಯೋಶಿ 1586ರಲ್ಲಿ ಕಂದಕವನ್ನೇ ಮುಚ್ಚಿಸಿದ. ಇದೇ ಊರಿನ ವರ್ತಕ ಮನೆತನದಲ್ಲಿ ಹುಟ್ಟಿದ ಚಹಾ ಗುರು ಸೆನ್ ನೋ ರಿಕ್ಯೂಗೆ ಆತ್ಮಹತ್ಯೆಯ ಆಜ್ಞೆ ಕೊಟ್ಟವನೂ ಅವನೇ, 1591ರಲ್ಲಿ.

1615ರ ಒಸಾಕಾ ಯುದ್ಧದಲ್ಲಿ ಊರು ಸುಟ್ಟುಹೋಯಿತು. ಮತ್ತೆ ಕಟ್ಟಿದರು. 1704ರಲ್ಲಿ ಯಮಾತೋ ನದಿಯ ದಿಕ್ಕು ಬದಲಿಸಿದ ಮೇಲೆ ಹೂಳು ಬಂದು ಬಂದರು ಕೆಟ್ಟಿತು. 1945ರಲ್ಲಿ ಬಾಂಬು. ಇಷ್ಟಾದ ಮೇಲೂ ಉಳಿದದ್ದು ಕಬ್ಬಿಣದ ಕಸುಬು, ನನಗೆ ಈ ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸುವುದು ಅದೇ. 1543ರಲ್ಲಿ ತಾನೆಗಾಶಿಮಾ ದ್ವೀಪಕ್ಕೆ ಬಂದ ಕೋವಿಯ ವಿದ್ಯೆಯನ್ನು ಸಕಾಯಿ ಬೇಗನೆ ಕಲಿತಿತು. ಎದೋ ಕಾಲದಲ್ಲಿ (1603-1868) ಹೊಗೆಸೊಪ್ಪು ಕೊಯ್ಯುವ ಚಾಕು ಮಾಡಿ ಹೆಸರಾಯಿತು. ಸೈಕಲ್ ಬಂದಾಗ ಅದರ ಬಿಡಿಭಾಗಕ್ಕೆ ಕೈ ಹಾಕಿತು; ಇಂದು ಜಗತ್ತಿನ ಸೈಕಲ್‌ಗಳಲ್ಲಿರುವ ಶಿಮಾನೋ ಗೇರು 1921ರಲ್ಲಿ ಇಲ್ಲೇ ಶುರುವಾದ ಕಂಪನಿಯದು.

ಹೋಗುವವರಿಗೆ ಒಂದೆರಡು ಮಾತು. ನಾನ್ಶೂಜಿ ದೇವಾಲಯದ ಕಲ್ಲು-ಮರಳಿನ ತೋಟ ನೋಡಿ, ರಿಕ್ಯೂ ಮನೆತನದ ಸ್ಮಾರಕಗಳೂ ಅಲ್ಲಿವೆ. 1615ರ ಬೆಂಕಿಯ ನಂತರ ಕಟ್ಟಿದ ಯಮಾಗುಚಿ ಮನೆ, 1877ರ ಮರದ ದೀಪಸ್ತಂಭ ಬಿಡಬೇಡಿ. 486 ಮೀಟರ್ ಉದ್ದದ ದೈಸೆನ್ ಸಮಾಧಿ ದಿಬ್ಬ ವರ್ತಕರಿಗಿಂತ ಸಾವಿರ ವರ್ಷ ಹಳೆಯದು. ಒಳಗೆ ಬಿಡುವುದಿಲ್ಲ, ನೆಲದಿಂದ ನೋಡಿದರೆ ಬರೀ ಕಾಡುಗುಡ್ಡ. ನಗರಸಭೆ ಕಟ್ಟಡದ 21ನೇ ಮಹಡಿ ಹತ್ತಿ ನೋಡುವುದು ವಾಸಿ.

ಚಾಕು ಕೊಳ್ಳುವವರಿದ್ದರೆ ಒಂದು ತಿಳಿದಿರಲಿ: ಅದನ್ನು ಬಡಿದವನೊಬ್ಬ, ಸಾಣೆ ಹಿಡಿದವನು ಇನ್ನೊಬ್ಬ, ಹಿಡಿ ಹಾಕಿದವನು ಮತ್ತೊಬ್ಬ. ಅಲ್ಲಿ ಇಂದಿಗೂ ಅದೇ ಪದ್ಧತಿ.