ಹೊರಡುವ ಮೊದಲು ಮರಳುವ ಲೆಕ್ಕ: ಜರ್ಮನಿಯಲ್ಲಿ ಒಂದು ಸೆಮಿಸ್ಟರ್

ಎಲ್ಲರಿಗೂ ನಮಸ್ಕಾರ.

ಇಲ್ಲಿರುವ ವಿದ್ಯಾರ್ಥಿಗಳು ಹೊರಟಿರುವುದು ಜರ್ಮನಿಯ ಚಳಿಗಾಲದ ಸೆಮಿಸ್ಟರ್‌ಗೆ. ಪೂರ್ತಿ ಪದವಿಗಲ್ಲ, ಕಾಲೇಜುಗಳ ನಡುವಿನ ಒಪ್ಪಂದದ ಮೇಲೆ ಒಂದೇ ಒಂದು ಸೆಮಿಸ್ಟರ್‌ಗೆ. ಇದು ಎರಡು ವರ್ಷದ ಎಂಎಸ್‌ಗಿಂತ ಸುಲಭ ಎಂದು ಮನೆಮಂದಿ ಅಂದುಕೊಂಡಿರುತ್ತಾರೆ. ಓದಿನ ಮಟ್ಟಿಗೆ ಇರಬಹುದು, ಕಾಗದಪತ್ರದ ಮಟ್ಟಿಗೆ ಇದೇ ಹೆಚ್ಚು ತೊಡಕು. ಎಂಎಸ್‌ಗೆ ಹೋದವರು ಒಂದು ವಿಶ್ವವಿದ್ಯಾಲಯಕ್ಕೆ ಲೆಕ್ಕ ಒಪ್ಪಿಸಿದರೆ ಸಾಕು. ನೀವು ಎರಡಕ್ಕೆ ಒಪ್ಪಿಸಬೇಕು, ಮತ್ತು ಆ ಎರಡರ ಕ್ಯಾಲೆಂಡರ್ ಹೊಂದುವುದಿಲ್ಲ. ಆದ್ದರಿಂದ ಸೂಟ್‌ಕೇಸಿನ ಮಾತು ಆಮೇಲೆ. ಅಲ್ಲಿ ಓದಿದ್ದು ನಿಮ್ಮ ಅಂಕಪಟ್ಟಿಗೆ ಹೇಗೆ ಬಂದು ಸೇರುತ್ತದೆ ಎಂಬುದನ್ನು ಮೊದಲು ನೋಡೋಣ.

ಯುರೋಪಿನಲ್ಲಿ ಕ್ರೆಡಿಟ್ ಎಣಿಸುವ ಪದ್ಧತಿಗೆ ಇಸಿಟಿಎಸ್ ಎನ್ನುತ್ತಾರೆ. ಒಂದು ಸೆಮಿಸ್ಟರ್‌ಗೆ 30 ಕ್ರೆಡಿಟ್. ಜರ್ಮನಿಯಲ್ಲಿ ಒಂದು ಕ್ರೆಡಿಟ್ ಎಂದರೆ ತರಗತಿ, ಲ್ಯಾಬ್, ಮನೆಯಲ್ಲಿ ಓದುವುದು ಎಲ್ಲ ಸೇರಿ ಹೆಚ್ಚುಕಡಿಮೆ 30 ಗಂಟೆಯ ಕೆಲಸ. ನಮ್ಮಲ್ಲಿ ಕ್ರೆಡಿಟ್ ಹುಟ್ಟುವುದು ವಾರದ ತರಗತಿಯ ಗಂಟೆಗಳಿಂದ. ಹೀಗಾಗಿ ಇಲ್ಲಿನ 4 ಕ್ರೆಡಿಟ್‌ನ ವಿಷಯಕ್ಕೆ ಅಲ್ಲಿನ 5 ಅಥವಾ 6 ಇಸಿಟಿಎಸ್‌ನ ವಿಷಯ ಸಮವೇ ಎಂಬುದನ್ನು ನೀವು ಊಹಿಸಿಕೊಳ್ಳುವಂತಿಲ್ಲ. ವಿಭಾಗದ ಮುಖ್ಯಸ್ಥರು ಮತ್ತು ಪರೀಕ್ಷಾ ವಿಭಾಗ ಲರ್ನಿಂಗ್ ಅಗ್ರಿಮೆಂಟ್ ಎಂಬ ಪತ್ರದಲ್ಲಿ ಸಹಿ ಹಾಕಿ ಒಪ್ಪಬೇಕು. ಅಲ್ಲಿನ ಯಾವ ವಿಷಯ ಇಲ್ಲಿನ ಯಾವ ವಿಷಯಕ್ಕೆ ಬದಲು ಎಂದು ಸಾಲುಸಾಲಾಗಿ ಅದರಲ್ಲಿರಬೇಕು. ಸಹಿ ಕೇಳಲು ಹೋಗುವಾಗ ವಿಷಯದ ಹೆಸರು ಮಾತ್ರ ಒಯ್ಯಬೇಡಿ. ಅಲ್ಲಿನ ಪ್ರತಿ ವಿಭಾಗವೂ ಮೋಡ್ಯುಲ್ ಕೈಪಿಡಿಯನ್ನು ಪ್ರಕಟಿಸುತ್ತದೆ; ಪಠ್ಯಕ್ರಮ, ಗಂಟೆಗಳು, ಪರೀಕ್ಷೆಯ ರೀತಿ ಎಲ್ಲವೂ ಅದರಲ್ಲಿರುತ್ತದೆ. ಆ ಪುಟಗಳನ್ನು ಮುದ್ರಿಸಿ ಒಯ್ಯಿರಿ.

ಅದೇ ಕೈಪಿಡಿಯಲ್ಲಿ ಇನ್ನೆರಡು ಸಾಲುಗಳನ್ನು ಹುಡುಕಿ: ಬೋಧನೆಯ ಭಾಷೆ ಯಾವುದು, ವಿಷಯ ಯಾವ ಸೆಮಿಸ್ಟರ್‌ನಲ್ಲಿ ನಡೆಯುತ್ತದೆ. ಬೇಸಿಗೆಯಲ್ಲಿ ಮಾತ್ರ ನಡೆಯುವ ವಿಷಯವನ್ನು ಚಳಿಗಾಲಕ್ಕೆ ಆರಿಸಿಕೊಳ್ಳುವುದು ಬಲು ಸಾಮಾನ್ಯ ತಪ್ಪು. ಮೇ ತಿಂಗಳಲ್ಲಿ ನೀವು ನೋಡುವ ಪಟ್ಟಿ ಬಹುತೇಕ ಹಿಂದಿನ ವರ್ಷದ್ದು. ಅಕ್ಟೋಬರ್‌ನಲ್ಲಿ ಹೋಗಿ ನೋಡಿದರೆ ಒಂದು ವಿಷಯ ಇರುವುದಿಲ್ಲ, ಇನ್ನೆರಡರ ವೇಳೆ ಒಂದರ ಮೇಲೊಂದು ಬಿದ್ದಿರುತ್ತದೆ. ಅದಕ್ಕೇ ಐದು ವಿಷಯ ಬೇಕಾದರೆ ಏಳಕ್ಕೆ ಒಪ್ಪಿಗೆ ಪಡೆದು ಹೋಗಿ. ಅಲ್ಲಿಂದ ಇಮೇಲ್‌ನಲ್ಲಿ ಒಪ್ಪಿಗೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ದಸರಾ ರಜೆ, ದೀಪಾವಳಿ ರಜೆ ಎರಡೂ ಮುಗಿದಿರುತ್ತವೆ.

ಇನ್ನು ಅಂಕ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಕನಿಷ್ಠ ಪಾಸ್, 5.0 ಫೇಲ್. ನಮ್ಮ 10ರ ಮಾಪಕಕ್ಕೆ ಇದು ತಲೆಕೆಳಗು. ಜರ್ಮನ್ ವಿಶ್ವವಿದ್ಯಾಲಯಗಳು ವಿದೇಶಿ ಅಂಕವನ್ನು ತಮ್ಮ ಮಾಪಕಕ್ಕೆ ತರಲು ಬಳಸುವ ಬವೇರಿಯನ್ ಸೂತ್ರ ಹೀಗಿದೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಪಾಸ್ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಗರಿಷ್ಠ 10, ಪಾಸ್ 4 ಇರುವ ಕಡೆ 8 ಅಂಕಕ್ಕೆ 2.0 ಬರುತ್ತದೆ. ಅದನ್ನೇ ಹಿಂದುಮುಂದು ಮಾಡಿದರೆ ಅಲ್ಲಿನ 1.3 ಇಲ್ಲಿ 9.4, ಅಲ್ಲಿನ 2.3 ಇಲ್ಲಿ 7.4. ನಿಮ್ಮ ಕಾಲೇಜು ಇದೇ ಸೂತ್ರ ಬಳಸಲಿ, ಬೇರೆಯದನ್ನೇ ಬಳಸಲಿ, ಯಾವುದೆಂದು ಹೊರಡುವ ಮೊದಲೇ ಲಿಖಿತವಾಗಿ ಇರಬೇಕು. ಇಲ್ಲದಿದ್ದರೆ ಮಾರ್ಚ್‌ನಲ್ಲಿ 1.3 ಎಂದಿರುವ ಅಂಕಪಟ್ಟಿ ಹಿಡಿದು ಕೌಂಟರ್ ಮುಂದೆ ನಿಂತಾಗ ಗುಮಾಸ್ತರಿಗೆ ನೀವು ಫೇಲಾದವರಂತೆ ಕಾಣುತ್ತೀರಿ. ನಿಜವಾಗಿಯೂ ಫೇಲಾದರೆ ಏನು ಎಂಬುದನ್ನೂ ಅದೇ ಪತ್ರದಲ್ಲಿ ಬರೆಸಿಕೊಳ್ಳಿ. ಮರುಪರೀಕ್ಷೆ ನಡೆಯುವ ಹೊತ್ತಿಗೆ ನೀವು ಅಲ್ಲಿರುವುದಿಲ್ಲ. ಆ ವಿಷಯಕ್ಕೆ ಸಮನಾದ ಇಲ್ಲಿನ ಪತ್ರಿಕೆಯನ್ನು ಬ್ಯಾಕ್‌ಲಾಗ್ ಆಗಿ ಬರೆಯಲು ಬಿಡುತ್ತಾರೆಯೇ?

ಕ್ಯಾಲೆಂಡರ್‌ನ ಜಗಳವಂತೂ ದೊಡ್ಡದು. ಅಲ್ಲಿನ ವಿಶ್ವವಿದ್ಯಾಲಯಗಳ ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31. ಪಾಠ ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮೊದಲರ್ಧದವರೆಗೆ, ಆಮೇಲೆ ಪರೀಕ್ಷೆ. ಕೆಲವು ಪರೀಕ್ಷೆಗಳು ಮಾರ್ಚ್‌ಗೂ ಹೋಗುತ್ತವೆ. ಅಷ್ಟರಲ್ಲಿ ಇಲ್ಲಿ ಸಮಸಂಖ್ಯೆಯ ಸೆಮಿಸ್ಟರ್ ಶುರುವಾಗಿರಬಹುದು. ವಿಟಿಯುನಲ್ಲಿ, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, 85% ಹಾಜರಿ ಬೇಕು. 16 ವಾರದ ಸೆಮಿಸ್ಟರ್‌ನಲ್ಲಿ 15% ಎಂದರೆ ಎರಡೂವರೆ ವಾರವೂ ಆಗುವುದಿಲ್ಲ. ನಾಲ್ಕು ವಾರ ತಡವಾಗಿ ಬಂದವರ ಹಾಜರಿಗೆ ಏನು ಪರಿಹಾರ ಎಂಬುದನ್ನು ಪ್ರಾಂಶುಪಾಲರ ಸಹಿಯಲ್ಲಿ ಪಡೆದಿಟ್ಟುಕೊಳ್ಳಿ. ಬಾಯಿಮಾತಿನ ಭರವಸೆ ಕೊಟ್ಟವರು ವರ್ಗವಾಗಿ ಹೋಗಬಹುದು. ಏಳನೇ ಸೆಮಿಸ್ಟರ್‌ನಲ್ಲಿ ಹೋಗುವವರು ಕ್ಯಾಂಪಸ್ ಸಂದರ್ಶನಗಳು ನಡೆಯುವುದೂ ಆಗಲೇ ಎಂಬುದನ್ನು ಮರೆಯಬೇಡಿ. ನನ್ನನ್ನು ಕೇಳಿದರೆ ಐದನೆಯದೇ ವಾಸಿ.

ಈಗ ಹೆಸರಿಗೆ ಬರೋಣ. ಇದು ನಮ್ಮ ಕಡೆಯವರಿಗೇ ವಿಶೇಷವಾದ ತಲೆನೋವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಸುಮಾ ಕೆ. ಆರ್.' ಎಂದಿರುತ್ತದೆ. ಪಾಸ್‌ಪೋರ್ಟ್‌ಗೆ ಇನಿಷಿಯಲ್ ಬಿಡಿಸಿ ಬರೆಯಬೇಕು. ಕೆಲವರು ಉಪನಾಮದ ಜಾಗ ಖಾಲಿ ಬಿಟ್ಟು ಎಲ್ಲವನ್ನೂ ಮೊದಲ ಹೆಸರಿಗೇ ಸೇರಿಸುತ್ತಾರೆ. ಆಮೇಲೆ ವಿಶ್ವವಿದ್ಯಾಲಯದ ಪೋರ್ಟಲ್ ಉಪನಾಮ ಇಲ್ಲದೆ ಮುಂದಕ್ಕೆ ಬಿಡುವುದಿಲ್ಲ, ವಿಮಾನದ ಟಿಕೆಟ್ಟೂ ಬಿಡುವುದಿಲ್ಲ. ಒಂದು ಕಡೆ ಅಪ್ಪನ ಹೆಸರು, ಇನ್ನೊಂದು ಕಡೆ ಊರಿನ ಹೆಸರು, ಮತ್ತೊಂದು ಕಡೆ ಒಂದು ಚುಕ್ಕೆ ಹಾಕಿದರೆ ಪ್ರವೇಶಪತ್ರ, ವಿಮೆ, ಬ್ಯಾಂಕ್ ಖಾತೆ ಮೂರೂ ಮೂವರದಾಗುತ್ತವೆ. ಪಾಸ್‌ಪೋರ್ಟ್ ಇನ್ನೂ ಮಾಡಿಸದವರು ಉಪನಾಮದ ಜಾಗ ತುಂಬಿಸಿ. ಈಗಾಗಲೇ ಮಾಡಿಸಿದವರು ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಅಕ್ಷರಶಃ ಹಾಗೆಯೇ ಎಲ್ಲ ಕಡೆ ಬರೆಯಿರಿ. ಅಂಕಪಟ್ಟಿಯ ಹೆಸರು ಮತ್ತು ಪಾಸ್‌ಪೋರ್ಟ್‌ನ ಹೆಸರು ಒಬ್ಬರದೇ ಎಂದು ನೋಟರಿಯಿಂದ ಒಂದು ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ.

ವೀಸಾ 90 ದಿನದ ಷೆಂಗೆನ್ ಅಲ್ಲ, ಡಿ ವರ್ಗದ ರಾಷ್ಟ್ರೀಯ ವೀಸಾ. ಕರ್ನಾಟಕದವರ ಅರ್ಜಿಯನ್ನು ನೋಡುವುದು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಶುಲ್ಕ 75 ಯೂರೋಗೆ ಸಮನಾದ ರೂಪಾಯಿ. ಬೇಕಾದ ದಾಖಲೆಗಳ ಪಟ್ಟಿ ಆಗಾಗ ಬದಲಾಗುವುದರಿಂದ ಸೀನಿಯರ್ ಕಳಿಸಿದ ಹಳೆಯ ಪಿಡಿಎಫ್ ನಂಬಬೇಡಿ, ಕಾನ್ಸುಲೇಟ್‌ನ ಪುಟದಿಂದ ಅದೇ ವಾರ ಇಳಿಸಿಕೊಳ್ಳಿ. ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ವೀಸಾದ ಕೊನೆಯ ದಿನವನ್ನೂ ಕೊನೆಯ ಪರೀಕ್ಷೆಯ ದಿನವನ್ನೂ ಹೋಲಿಸಿ. ವೀಸಾ ಮೊದಲೇ ಮುಗಿಯುವುದಾದರೆ, ಮುಗಿಯುವ ಮುನ್ನವೇ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಆ ಕಚೇರಿಯ ಅಪಾಯಿಂಟ್‌ಮೆಂಟ್ ವಾರಗಟ್ಟಲೆ ಸಿಗುವುದಿಲ್ಲ.

ದುಡ್ಡಿನ ಮಾತು. ಖರ್ಚಿಗೆ ಹಣವಿದೆ ಎಂದು ತೋರಿಸಲು ಬ್ಲಾಕ್ಡ್ ಅಕೌಂಟ್, ಅಂದರೆ ಮೊದಲೇ ಹಾಕಿಟ್ಟ ಹಣವನ್ನು ತಿಂಗಳ ಕಂತಿನಲ್ಲಷ್ಟೇ ಬಿಡುವ ಖಾತೆ, ತೆರೆಯಬೇಕು. 2024ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 992 ಯೂರೋ ಲೆಕ್ಕ, ಆರು ತಿಂಗಳಿಗೆ 5,952. ವಿದ್ಯಾರ್ಥಿವೇತನ ಇದ್ದರೆ ಅದರ ಪತ್ರವೇ ಅಷ್ಟರಮಟ್ಟಿಗೆ ಸಾಲುತ್ತದೆ. ಇಲ್ಲಿಂದ ಹಣ ಕಳಿಸುವಾಗ ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬಬೇಕು, ಪ್ಯಾನ್ ಬೇಕು. ಉದ್ದೇಶದ ಕಾಲಂನಲ್ಲಿ ಶಿಕ್ಷಣದ ಕೋಡ್ ಎಸ್0305 ಹಾಕಿಸಿ. ಬ್ಯಾಂಕ್‌ನ ಶುಲ್ಕ ಕಳೆದು ಅಲ್ಲಿಗೆ 5,930 ತಲುಪಿದರೆ ಖಾತೆಯ ದೃಢೀಕರಣವೇ ಬರುವುದಿಲ್ಲ. ಹೀಗಾಗಿ ನಡುವಿನ ಬ್ಯಾಂಕ್‌ಗಳ ಶುಲ್ಕವನ್ನೂ ಕಳಿಸುವವರೇ ಭರಿಸುವಂತೆ ಆಯ್ಕೆ ಮಾಡಿ, 50–100 ಯೂರೋ ಹೆಚ್ಚಿಗೆ ಕಳಿಸಿ.

ತಂದೆತಾಯಂದಿರು ಗಮನಿಸಬೇಕಾದದ್ದು ಇಲ್ಲಿದೆ. ಈ ಹಣ ವಿಮಾನ ಇಳಿದ ದಿನ ಕೈಗೆ ಸಿಗುವುದಿಲ್ಲ. ಅಲ್ಲೊಂದು ಚಾಲ್ತಿ ಖಾತೆ ತೆರೆದು, ದಾಖಲೆ ಕಳಿಸಿ, ಬ್ಲಾಕ್ಡ್ ಅಕೌಂಟ್ ಚಾಲೂ ಮಾಡಿಸಿದ ಮೇಲೆ ತಿಂಗಳ ಕಂತು ಬರತೊಡಗುತ್ತದೆ. ಅಷ್ಟರೊಳಗೆ ಮುಂಗಡ, ಮೊದಲ ಬಾಡಿಗೆ, ಸೆಮಿಸ್ಟರ್ ಶುಲ್ಕ, ವಿಮೆ ಎಲ್ಲ ಒಟ್ಟಿಗೇ ಬೀಳುತ್ತವೆ. ಒಪ್ಪಂದದ ವಿದ್ಯಾರ್ಥಿಗೆ ಬೋಧನಾ ಶುಲ್ಕ ಇಲ್ಲದಿದ್ದರೂ ಸೆಮಿಸ್ಟರ್ ಶುಲ್ಕ ಸಾಮಾನ್ಯವಾಗಿ ಇರುತ್ತದೆ. ಫಾರೆಕ್ಸ್ ಕಾರ್ಡ್‌ನಲ್ಲಿ 1,500 ಯೂರೋ, ನಗದು 200 ಯೂರೋ ಪ್ರತ್ಯೇಕವಾಗಿ ಇರಲಿ. ಇಲ್ಲಿನ ಸಿಮ್‌ಗೆ ರೋಮಿಂಗ್ ಹಾಕಿಸಿ ಜೀವಂತ ಇಡಿ, ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ.

ವಿಮೆಯಲ್ಲಿ ಎರಡು ತುಂಡು. ಇಲ್ಲಿ ಕೊಂಡ ಪ್ರಯಾಣ ವಿಮೆ ವೀಸಾಕ್ಕೆ ಮತ್ತು ಮೊದಲ ಕೆಲವು ದಿನಗಳಿಗೆ ಆಗುತ್ತದೆ, ವಿಶ್ವವಿದ್ಯಾಲಯದ ಪ್ರವೇಶಕ್ಕೆ ಆಗುವುದಿಲ್ಲ. ಪ್ರವೇಶಕ್ಕೆ ಅಲ್ಲಿನ ಸಾರ್ವಜನಿಕ ಆರೋಗ್ಯ ವಿಮೆ ಬೇಕು. 30 ವರ್ಷದೊಳಗಿನ ವಿದ್ಯಾರ್ಥಿಗೆ ತಿಂಗಳಿಗೆ ಸುಮಾರು 140–150 ಯೂರೋ. ಅದು ಸೆಮಿಸ್ಟರ್ ಶುರುವಾಗುವ ದಿನದಿಂದ ಲಾಗೂ. ಸೆಪ್ಟೆಂಬರ್ 20ಕ್ಕೆ ಇಳಿದವರಿಗೆ ನಡುವಿನ ಹತ್ತು ದಿನ ಪ್ರಯಾಣ ವಿಮೆಯೇ ಗತಿ. ಅಗ್ಗ ಎಂದು ಖಾಸಗಿ ವಿಮೆ ಆರಿಸಿಕೊಂಡು ವಿನಾಯಿತಿ ಪಡೆದರೆ ಆ ಓದು ಮುಗಿಯುವವರೆಗೆ ಸಾರ್ವಜನಿಕ ವಿಮೆಗೆ ಮರಳಲಾಗದು.

ಕೋಣೆಗೆ ವಿದ್ಯಾರ್ಥಿ ಕಲ್ಯಾಣ ಸಂಸ್ಥೆಯ ಹಾಸ್ಟೆಲ್‌ಗೆ ಪ್ರವೇಶಪತ್ರ ಬಂದ ದಿನವೇ ಅರ್ಜಿ ಹಾಕಿ. ಸಿಗದಿದ್ದರೆ, ತಾವೇ ಬೇರೆ ದೇಶಕ್ಕೆ ಹೊರಟ ಅಲ್ಲಿನ ವಿದ್ಯಾರ್ಥಿಗಳು ಆರು ತಿಂಗಳಿಗೆ ಬಿಟ್ಟುಕೊಡುವ ಕೋಣೆಗಳಿವೆ. 'ನಾನು ಊರಲ್ಲಿಲ್ಲ, ಮುಂಗಡ ಹಾಕಿ, ಬೀಗದ ಕೈ ಕೊರಿಯರ್ ಮಾಡುತ್ತೇನೆ' ಎನ್ನುವವರು ಯಾರೇ ಇರಲಿ, ಮೋಸ. ಟಿಕೆಟ್ ಕೊಳ್ಳುವಾಗ ಸೋಮವಾರದಿಂದ ಗುರುವಾರದೊಳಗೆ ಹಗಲು ಇಳಿಯುವಂತೆ ನೋಡಿ. ಹಾಸ್ಟೆಲ್ ಉಸ್ತುವಾರಿಯ ಕಚೇರಿ ಶನಿವಾರ ತೆರೆದಿರುವುದಿಲ್ಲ, ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ.

ಸಾಮಾನಿನ ಬಗ್ಗೆ ನಾಲ್ಕೇ ಮಾತು. ಹಾಲಿನಿಂದಾದದ್ದು, ಮಾಂಸ ಯುರೋಪಿನ ಹೊರಗಿನಿಂದ ಒಳಗೆ ಬಿಡುವುದಿಲ್ಲ. ಅಂದರೆ ತುಪ್ಪ, ಧಾರವಾಡ ಪೇಡ, ಬೆಳಗಾವಿ ಕುಂದಾ ಇಲ್ಲೇ ತಿಂದು ಹೊರಡಿ. ಹಸಿ ಕರಿಬೇವೂ ಬೇಡ. ಒಣ ಕೊಬ್ಬರಿಯ ಗಿಟುಕನ್ನು ವಿಮಾನಕ್ಕೇ ಹಾಕಗೊಡುವುದಿಲ್ಲ, ಅದರಲ್ಲಿನ ಎಣ್ಣೆಯಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ವಸ್ತುಗಳ ಸಾಲಿನಲ್ಲಿ ಅದಿದೆ. ಸಾರಿನಪುಡಿ, ಹುಳಿಪುಡಿ ಒಯ್ಯಬಹುದು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ವಿದ್ಯುತ್ ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್, ಪ್ಲಗ್ ಅಡಾಪ್ಟರ್ ಸಾಕು. ಕುಕ್ಕರ್ ಒಯ್ಯುವುದಾದರೆ ಇಂಡಕ್ಷನ್ ತಳದ್ದೇ ಇರಲಿ, ಬರೀ ಅಲ್ಯೂಮಿನಿಯಂ ತಳ ಇಂಡಕ್ಷನ್ ಒಲೆಯ ಮೇಲೆ ಬಿಸಿಯಾಗುವುದಿಲ್ಲ. ಔಷಧಿಗೆ ವೈದ್ಯರ ಚೀಟಿ ಜೊತೆಗಿರಲಿ, ಅದರಲ್ಲಿ ಕಂಪನಿಯ ಹೆಸರಿನ ಪಕ್ಕ ಔಷಧದ ಮೂಲ ಹೆಸರೂ ಇರಲಿ.

ಇಳಿದ ಮೇಲೆ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಬಾಡಿಗೆ ಕರಾರು ಸಾಲದು, ಮನೆ ಕೊಟ್ಟವರು ಸಹಿ ಮಾಡಿದ ಪ್ರತ್ಯೇಕ ದೃಢೀಕರಣ ಬೇಕು. ಅದನ್ನು ಕೊಡಲು ಒಪ್ಪದವರ ಕೋಣೆಯನ್ನು ಹಿಡಿಯಲೇಬೇಡಿ, ಬ್ಯಾಂಕ್‌ನಿಂದ ವಾಸದ ಪರವಾನಗಿಯವರೆಗೆ ಎಲ್ಲವೂ ಆ ಒಂದು ಹಾಳೆಯನ್ನು ಕೇಳುತ್ತವೆ.

ತರಗತಿ ಶುರುವಾದಾಗ ನಮ್ಮವರು ಎಡವುವುದು ಒಂದು ಕಡೆ. ಇಲ್ಲಿ ವಿಷಯಕ್ಕೆ ಹೆಸರು ಕೊಟ್ಟರೆ ಪರೀಕ್ಷೆಗೂ ಕೊಟ್ಟಂತೆ. ಶುಲ್ಕ ಕಟ್ಟುವ ದಿನ ಬಂದರೆ ಕಾಲೇಜೇ ಬೋರ್ಡಿಗೆ ನೋಟಿಸ್ ಹಚ್ಚುತ್ತದೆ. ಅಲ್ಲಿ ಪರೀಕ್ಷೆಯ ನೋಂದಣಿ ಬೇರೆಯೇ, ಅದಕ್ಕೆ ಬೇರೆ ಗಡುವು, ಯಾರೂ ನೆನಪಿಸುವುದಿಲ್ಲ. ಗಡುವು ತಪ್ಪಿದರೆ ಒಂದೂ ತರಗತಿ ಬಿಡದವರಿಗೂ ಪರೀಕ್ಷೆ ಬರೆಯುವಂತಿಲ್ಲ. ಇಂಟರ್ನಲ್ಸ್ ಎಂಬುದು ಬಹುಪಾಲು ವಿಷಯಗಳಲ್ಲಿ ಇಲ್ಲ, ಕೊನೆಯ ಒಂದು ಪರೀಕ್ಷೆಯೇ ಎಲ್ಲ. ಮೊದಲ ವಾರದಲ್ಲೇ ಪರೀಕ್ಷಾ ಕಚೇರಿಯಿಂದ ನೋಂದಣಿಯ ಗಡುವು, ಹಿಂತೆಗೆದುಕೊಳ್ಳುವ ಗಡುವು ಎರಡನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಅಲ್ಲಿಂದ ಹೊರಡುವಾಗ ಅಂಕಪಟ್ಟಿಗೆ ಅರ್ಜಿ ಕೊಟ್ಟೇ ಹೊರಡಿ, ಅದು ನೇರ ಇಲ್ಲಿನ ಪರೀಕ್ಷಾ ವಿಭಾಗಕ್ಕೂ ಒಂದು ಪ್ರತಿ ಬರುವಂತೆ ನೋಡಿ. ವಿಳಾಸದ ನೋಂದಣಿ ರದ್ದು ಮಾಡಿಸಿ. ವಿಮೆಗೆ, ಬ್ಯಾಂಕ್‌ಗೆ ಲಿಖಿತ ಸೂಚನೆ ಕೊಡಿ. ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ, ಅಂದರೆ ರೇಡಿಯೋ-ಟಿವಿಯ ಶುಲ್ಕ, ಅಲ್ಲಿದೆ. ಅದು ನಿಮ್ಮ ಹೆಸರಿನಲ್ಲಿದ್ದರೆ ಅದನ್ನೂ ನೀವೇ ರದ್ದುಪಡಿಸಬೇಕು, ಇಲ್ಲದಿದ್ದರೆ ಬಿಲ್ಲು ಬರುತ್ತಲೇ ಇರುತ್ತದೆ. ಹಾಸ್ಟೆಲ್‌ನ ಮುಂಗಡ ಮರಳಲು ಕೆಲವು ವಾರ ಹಿಡಿಯುವುದರಿಂದ ಅಲ್ಲಿನ ಬ್ಯಾಂಕ್ ಖಾತೆಯನ್ನು ಕೊನೆಗೆ ಮುಚ್ಚಿ. ಈಗ ನಿಮ್ಮ ಪ್ರಶ್ನೆಗಳು.