ಸಾಯಬೇಕಿದ್ದ ಖಳ: ಬಾರ್ನಬಸ್ ಕಾಲಿನ್ಸ್ ನಾಯಕನಾದ ಬಗೆ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಧಾರಾವಾಹಿ ನೋಡುವವರೇ ಜಾಸ್ತಿ ಇದ್ದೀರಿ ಅಂತ ಕೇಳಿದೆ. ಒಳ್ಳೆಯದೇ ಆಯಿತು. ಇವತ್ತು ನಾನು ಹೇಳಹೊರಟಿರುವ ರಕ್ತಪಿಶಾಚಿ ಸಿನಿಮಾದವನಲ್ಲ. ವಾರಕ್ಕೆ ಐದು ದಿನ, ಮಧ್ಯಾಹ್ನದ ಹೊತ್ತು ಮನೆಮನೆಗೆ ಬರುತ್ತಿದ್ದವನು. ಅವನು ಒಳ್ಳೆಯವನಾಗಿದ್ದಕ್ಕೆ ದೊಡ್ಡ ಕಾರಣವೇ ಆ ಐದು ದಿನ ಅಂತ ನನ್ನ ವಾದ.

ಅಮೆರಿಕದ ಎಬಿಸಿ ವಾಹಿನಿಯಲ್ಲಿ ‘ಡಾರ್ಕ್ ಶ್ಯಾಡೋಸ್’ ಶುರುವಾಗಿದ್ದು 1966ರ ಜೂನ್ 27ರಂದು. ನಿರ್ಮಾಪಕ ಡ್ಯಾನ್ ಕರ್ಟಿಸ್. ಮೇನ್ ರಾಜ್ಯದ ಕಡಲತೀರದಲ್ಲಿ ಕಾಲಿನ್ಸ್‌ಪೋರ್ಟ್ ಎಂಬ ಕಾಲ್ಪನಿಕ ಊರು. ಅಲ್ಲಿ ಕಾಲಿನ್ಸ್ ಮನೆತನದ ಹಳೇ ಬಂಗಲೆ. ಆ ಮನೆಯ ಹುಡುಗ ಡೇವಿಡ್‌ಗೆ ಪಾಠ ಹೇಳಲು ಬರುವ ಅನಾಥ ಹುಡುಗಿ ವಿಕ್ಟೋರಿಯಾ. ಮೊದಮೊದಲು ದೆವ್ವ ಗಿವ್ವ ಏನೂ ಇರಲಿಲ್ಲ, ನೋಡುವವರೂ ಅಷ್ಟಕ್ಕಷ್ಟೇ. ಧಾರಾವಾಹಿ ನಿಂತೇಹೋಗುವ ಹಂತಕ್ಕೆ ಬಂತು. ಆಗ ಕಥೆಗೆ ಭೂತಗಳು ಸೇರಿದವು. ಜನ ಸ್ವಲ್ಪ ತಿರುಗಿ ನೋಡಿದರು. ಇದೇ ಸರಿ ಅಂತ ಕರ್ಟಿಸ್ ರಕ್ತಪಿಶಾಚಿಯನ್ನೇ ಕರೆಸಿದರು.

1967ರ ಏಪ್ರಿಲ್. ವಿಲ್ಲಿ ಲೂಮಿಸ್ ಎಂಬ ಪುಂಡ ಒಡವೆ ಸಿಗುತ್ತದೆ ಅಂತ ಕಾಲಿನ್ಸ್ ಮನೆತನದ ಸಮಾಧಿಗೆ ನುಗ್ಗುತ್ತಾನೆ. ಅಲ್ಲಿ ಸರಪಳಿ ಬಿಗಿದ ಶವಪೆಟ್ಟಿಗೆ. ಯಾರಾದರೂ ಸುಮ್ನೆ ಸರಪಳಿ ಬಿಗಿಯುತ್ತಾರಾ? ಇವನಿಗೆ ಅಷ್ಟು ಬುದ್ಧಿ ಹೊಳೆಯುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಒಳಗಿಂದ ಒಂದು ಕೈ ಬಂದು ಅವನ ಕುತ್ತಿಗೆ ಹಿಡಿಯುತ್ತದೆ. ಆಮೇಲೆ ತೋಳದ ತಲೆಯ ಊರುಗೋಲು ಹಿಡಿದ ಸಭ್ಯ ಮನುಷ್ಯನೊಬ್ಬ ಬಂಗಲೆಯ ಬಾಗಿಲಿಗೆ ಬಂದು, ‘ನಾನು ಇಂಗ್ಲೆಂಡಿನಿಂದ ಬಂದ ನಿಮ್ಮ ದಾಯಾದಿ’ ಅನ್ನುತ್ತಾನೆ. ಅವನೇ ಬಾರ್ನಬಸ್.

ಪಾತ್ರ ಮಾಡಿದವರು ಕೆನಡಾದ ರಂಗನಟ ಜೊನಾಥನ್ ಫ್ರಿಡ್. ಕೆಲವೇ ವಾರ ಇದ್ದು, ಕೊನೆಗೆ ಎದೆಗೆ ಗೂಟ ಹೊಡೆಸಿಕೊಂಡು ಹೋಗಬೇಕಿದ್ದ ಪಾತ್ರ. ಹೋಗಲಿಲ್ಲ. ಪತ್ರಗಳ ರಾಶಿ ಬಂದು ಬಿತ್ತು. ಶಾಲೆ ಬಿಟ್ಟ ಮಕ್ಕಳು ಇವನನ್ನು ನೋಡಲು ಮನೆಗೆ ಓಡುತ್ತಿದ್ದರು. ಇಂಥವನನ್ನು ಯಾವ ನಿರ್ಮಾಪಕ ಸಾಯಿಸುತ್ತಾನೆ ಹೇಳಿ! ಆದರೆ ವಾರಕ್ಕೆ ಐದು ದಿನ ಮನೆಗೆ ಬರುವವನು ಬರೀ ಖಳನಾಗಿಯೇ ಉಳಿದರೆ ಕಥೆ ಎಷ್ಟು ದಿನ ಓಡೀತು? ಅವನು ಬದಲಾಗಲೇಬೇಕಿತ್ತು.

ಅವನು ಮಾಡಿದ್ದೇನು ಚಿಲ್ಲರೆ ಪಾಪವಲ್ಲ ಅನ್ನೋದನ್ನು ನೆನಪಿಡಿ. ಮ್ಯಾಗಿ ಎಂಬ ಹುಡುಗಿ ತನ್ನ ಹಳೆಯ ಪ್ರೇಯಸಿ ಜೋಸೆಟ್‌ಳಂತೆ ಕಂಡಳು ಅಂತ ಅವಳನ್ನು ಎತ್ತಿಕೊಂಡು ಹೋಗಿ ಕೂಡಿಹಾಕುತ್ತಾನೆ. ‘ನೀನು ಮ್ಯಾಗಿಯಲ್ಲ, ಜೋಸೆಟ್’ ಅಂತ ಅವಳ ತಲೆಗೆ ತುಂಬುತ್ತಾನೆ. ಗುಟ್ಟು ಪತ್ತೆ ಮಾಡಿದ ಊರಿನ ಡಾಕ್ಟರ್ ವುಡರ್ಡ್‌ನನ್ನು ಕೊಲ್ಲುತ್ತಾನೆ.

ಇಲ್ಲೊಂದು ತಮಾಷೆ ಇದೆ. ಆ ಧಾರಾವಾಹಿಯನ್ನು ನೇರಪ್ರಸಾರದ ಹಾಗೆ ಒಂದೇ ಓಟದಲ್ಲಿ ಟೇಪ್ ಮಾಡುತ್ತಿದ್ದರು. ತಪ್ಪಾದರೆ ತಪ್ಪೇ. ಫ್ರಿಡ್‌ಗೆ ಮಾತು ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ದೃಶ್ಯದ ಮಧ್ಯೆಯೇ ಕಣ್ಣು, ನಟರಿಗೆ ಮಾತು ಓದಿಕೊಳ್ಳಲು ಇಟ್ಟಿದ್ದ ಟೆಲಿಪ್ರಾಂಪ್ಟರ್ ಕಡೆ ಹೋಗುತ್ತಿತ್ತು. ಮಾತು ತಡವರಿಸುವ, ಕಣ್ಣು ತಪ್ಪಿಸುವ ಆ ಮುಖದಲ್ಲಿ ನೋಡುವವರಿಗೆ ಕಂಡದ್ದು ಒಳಗೊಳಗೇ ಬೇಯುತ್ತಿರುವ ಒಬ್ಬ ಪಿಶಾಚಿ! ಪಾತ್ರಕ್ಕೆ ಮನಸ್ಸಾಕ್ಷಿ ಬಂದದ್ದು ಬರಹಗಾರರ ಮೇಜಿಗಿಂತ ಮೊದಲು ಈ ತಡವರಿಕೆಯಲ್ಲಿ ಅಂತ ನನಗನ್ನಿಸುತ್ತದೆ.

ಬರಹಗಾರರು ಮಾಡಿದ ಜಾಣತನ ಬೇರೆ. 1967ರ ನವೆಂಬರ್‌ನಲ್ಲಿ ವಿಕ್ಟೋರಿಯಾಳನ್ನು 1795ಕ್ಕೆ ಕಳಿಸಿದರು. ಸುಮಾರು ನಾಲ್ಕು ತಿಂಗಳು ಇಡೀ ಕಥೆ ಅಲ್ಲೇ ನಡೆಯಿತು. ಅಲ್ಲಿ ಬಾರ್ನಬಸ್ ಇನ್ನೂ ಮನುಷ್ಯ, ಜೋಸೆಟ್‌ಳನ್ನು ಮದುವೆಯಾಗಲಿರುವ ಯುವಕ. ಜೋಸೆಟ್ ಮನೆಯ ಕೆಲಸದವಳು ಏಂಜಲಿಕ್ ಮಾಟಗಾತಿ. ಅವಳ ಶಾಪದಿಂದ ಅವನು ಪಿಶಾಚಿಯಾಗುತ್ತಾನೆ. ಜೋಸೆಟ್ ಬಂಡೆಯ ಮೇಲಿಂದ ಹಾರಿ ಸಾಯುತ್ತಾಳೆ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಅವನ ಅಪ್ಪ ಜೋಶುವಾ. ದರ್ಪದ ಮನುಷ್ಯ, ಮನೆತನದ ಮಾನ ಅಂದರೆ ಪ್ರಾಣ. ಮಗ ಏನಾಗಿದ್ದಾನೆ ಅಂತ ಗೊತ್ತಾದಾಗ ಅವನನ್ನು ಮುಗಿಸುವುದೇ ದಾರಿ ಅಂತ ಅಪ್ಪನಿಗೂ ಗೊತ್ತು. ಕೈ ಬರುವುದಿಲ್ಲ. ಶವಪೆಟ್ಟಿಗೆಗೆ ಸರಪಳಿ ಬಿಗಿಸುತ್ತಾನೆ. ಏಪ್ರಿಲ್‌ನಲ್ಲಿ ನಾವು ಕಂಡ ಆ ಸರಪಳಿ ಒಬ್ಬ ತಂದೆ ಮಗನನ್ನು ಕೊಲ್ಲಲಾರದೆ ಹಾಕಿಸಿದ್ದು. ಧಾರಾವಾಹಿ ಇದಕ್ಕಿಂತ ಚೆನ್ನಾಗಿ ಯಾವತ್ತೂ ಕಥೆ ಹೇಳಲಿಲ್ಲ.

ಹೀಗೆ ಬಲಿಪಶುವಾದವನು ನಾಯಕನಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. 1969ರಲ್ಲಿ ಪ್ರೇತದ ಕಾಟದಿಂದ ಡೇವಿಡ್‌ನನ್ನು ಉಳಿಸಲು ಬಾರ್ನಬಸ್ 1897ಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ಅವನಿಗೆ ಪಿಶಾಚಿತನ ವಾಸಿಯಾಗಿತ್ತು. ಆ ಕಾಲದಲ್ಲಿ ಕಣ್ಣು ಬಿಟ್ಟರೆ ಮತ್ತೆ ಅದೇ ಪೆಟ್ಟಿಗೆ, ಅದೇ ಹಸಿವು. ಹುಡುಗನಿಗಾಗಿ ಅವನು ತೆತ್ತ ಬೆಲೆ ನಿಜವಾದದ್ದು, ಒಪ್ಪುತ್ತೇನೆ.

ಆದರೂ ಒಂದು ಲೆಕ್ಕ ಬಾಕಿ ಇದೆ. ಮ್ಯಾಗಿ ಹೇಗೋ ತಪ್ಪಿಸಿಕೊಂಡು ಬಂದಳಲ್ಲ, ಅವಳ ಚಿಕಿತ್ಸೆಗೆ ಬಂದವರು ಡಾಕ್ಟರ್ ಜೂಲಿಯಾ ಹಾಫ್‌ಮನ್. ಬಾರ್ನಬಸ್‌ನ ಗುಟ್ಟು ಗೊತ್ತಾದ ಮೇಲೆ ಜೂಲಿಯಾ ಅವನ ಕಡೆಯೇ ಸೇರುತ್ತಾಳೆ. ಸಂಮೋಹನ ಮಾಡಿ ಮ್ಯಾಗಿಯ ನೆನಪನ್ನೇ ಅಳಿಸುತ್ತಾಳೆ. ಮುಂದೆ ಮ್ಯಾಗಿ ಅದೇ ಬಾರ್ನಬಸ್‌ನನ್ನು ನಂಬುತ್ತಾಳೆ, ನಗುತ್ತಾ ಮಾತಾಡಿಸುತ್ತಾಳೆ. ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ ಎಂಬ ಇನ್ನೊಂದು ಅಮೆರಿಕನ್ ಧಾರಾವಾಹಿಯಲ್ಲಿ ಸ್ಪೈಕ್ ಎಂಬ ರಕ್ತಪಿಶಾಚಿ ಇದ್ದ, ಅವನಿಗೆ ಈ ಅನುಕೂಲ ಇರಲಿಲ್ಲ. 2002ರಲ್ಲಿ ಅವನು ನಾಯಕಿ ಬಫಿಯ ಮೇಲೆ ಬಲಾತ್ಕಾರಕ್ಕೆ ಹೋದದ್ದು ಅವಳಿಗೂ ನೆನಪಿತ್ತು, ಅವನಿಗೂ ನೆನಪಿತ್ತು. ಆ ಕಥೆಯಲ್ಲಿ ಪಿಶಾಚಿಯಾದವನಿಗೆ ಆತ್ಮ ಇರುವುದಿಲ್ಲ. ಅದನ್ನು ಮರಳಿ ಪಡೆಯಲು ಅವನು ಹೊರಟದ್ದೇ ಆ ಘಟನೆಯ ನಂತರ.

ಬಾರ್ನಬಸ್ ನನಗೆ ಇಷ್ಟ, ಸುಳ್ಳು ಹೇಳುವುದಿಲ್ಲ. ಆದರೆ ಮ್ಯಾಗಿಗೆ ನೆನಪು ಉಳಿದಿದ್ದರೆ 1969ರ ಆ ನಾಯಕನನ್ನು ಬರೆಯಲು ಸಾಧ್ಯವಿತ್ತಾ? ಸಾಧ್ಯವಿತ್ತು ಅನ್ನುವವರು ಇಲ್ಲಿದ್ದರೆ ದಯವಿಟ್ಟು ಮೈಕ್ ತಗೊಳ್ಳಿ. ಇನ್ನು ನಿಮ್ಮ ಮಾತು ಕೇಳುತ್ತೇನೆ.